ಗುಜರಿಯವನಿಗೆ ಫೋನ್ ಮಾಡುವ ಮೊದಲು

ಭಟ್ಕಳದಿಂದ ಕುಮಟಾದವರೆಗೆ ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಯಾವ ಒಳದಾರಿಗೆ ತಿರುಗಿದರೂ ಒಂದಲ್ಲ ಒಂದು ಮನೆಯ ಹಿತ್ತಲಲ್ಲಿ ನಿಂತುಹೋದ ಕಾರು ಕಾಣಸಿಗುತ್ತದೆ. ತೆಂಗಿನ ಗರಿ ಬಿದ್ದು ಬಾನೆಟ್ ತಗ್ಗಾದ ಮಾರುತಿ 800, ಸೀಟು ತೆಗೆದು ಕಟ್ಟಿಗೆ ತುಂಬಿಟ್ಟ ಓಮ್ನಿ, ಗಲ್ಫಿಗೆ ಹೋದ ಮಗ ರಜೆಯಲ್ಲಿ ಬಂದಾಗ ಓಡಿಸುತ್ತಾನೆಂದು ಪ್ಲಾಸ್ಟಿಕ್ ಹೊದಿಸಿಟ್ಟ ಸ್ಯಾಂಟ್ರೊ. ಮಗ ಬಂದವನು ಬಾಡಿಗೆ ಕಾರಲ್ಲಿ ಓಡಾಡಿ ವಾಪಸಾಗುತ್ತಾನೆ. ಇನ್ನೊಂದು ಮಳೆಗಾಲ ಕಳೆಯುತ್ತದೆ. ಕೊನೆಗೊಂದು ದಿನ ಗುಜರಿಯವರು ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಾಲಲ್ಲಿ ಟೈರು ಒದ್ದು, "ತಗಡೆಲ್ಲ ತುಕ್ಕು ಹಿಡ್ದು ಹೋಗಿದೆ ಮಾರಾಯ್ರೆ, ಹದಿನೈದು ಸಾವಿರಕ್ಕಿಂತ ಹೆಚ್ಚು ಬರೂದಿಲ್ಲ" ಎನ್ನುತ್ತಾರೆ. ಮನೆಯವರು ಹದಿನೆಂಟು ಕೇಳುತ್ತಾರೆ. ಹದಿನಾರಕ್ಕೆ ಮಾತು ಮುಗಿಯುತ್ತದೆ.

ಹದಿನಾರು ಸಾವಿರ ಮೋಸವೇ? ಅನೇಕ ಸಲ ಅಲ್ಲ. ಆದರೆ ಆ ಅಂಕಿ ಎಲ್ಲಿಂದ ಬಂತೆಂದು ಕೊಟ್ಟವರಿಗೆ ಗೊತ್ತಿರುವುದಿಲ್ಲ. ತೆಗೆದುಕೊಂಡವರಿಗೆ ಗೊತ್ತಿರುತ್ತದೆ. ಈ ಲೆಕ್ಕ ಹಾಕಲು ಮೆಕ್ಯಾನಿಕ್ ಆಗಿರಬೇಕಿಲ್ಲ. ಆರ್‌ಸಿ ಕಾರ್ಡು, ಒಂದು ಸ್ಕ್ರೂಡ್ರೈವರ್, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಒಂದು ಗಂಟೆ ಸಮಯ ಇದ್ದರೆ ಆಯಿತು.

ಮೊದಲು ಆರ್‌ಸಿ. ಅದರಲ್ಲಿ ಕಾರಿನ ಖಾಲಿ ತೂಕ ಕಿಲೋ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಹೆಚ್ಚಿನವರು ಹದಿನೈದು ವರ್ಷದಲ್ಲಿ ಒಮ್ಮೆಯೂ ಆ ಸಾಲನ್ನು ಓದಿರುವುದಿಲ್ಲ. ಮಾರುತಿ 800 ಆದರೆ 650 ಕಿಲೋ ಆಸುಪಾಸು, ಹಳೇ ಆಲ್ಟೊ 700ರ ಮೇಲೆ, ಓಮ್ನಿ 780-800, ಇಂಡಿಕಾ ಡೀಸೆಲ್ ಹತ್ತಿರ ಹತ್ತಿರ ಒಂದು ಟನ್, ಸುಮೊ, ಕ್ವಾಲಿಸ್ ಒಂದೂವರೆ ಟನ್ ಅಥವಾ ಅದರ ಮೇಲೆ. ಮಾದರಿಯಿಂದ ಮಾದರಿಗೆ ಇಪ್ಪತ್ತು-ಮೂವತ್ತು ಕಿಲೋ ಹೆಚ್ಚುಕಡಿಮೆ ಆಗುವುದರಿಂದ ನಿಮ್ಮ ಆರ್‌ಸಿಯ ಅಂಕಿಯನ್ನೇ ನೆಚ್ಚಿಕೊಳ್ಳಿ.

ಆ ತೂಕವೆಲ್ಲ ಕಬ್ಬಿಣವಲ್ಲ. ಸಾಮಾನ್ಯ ಕಾರಿನಲ್ಲಿ ಮೂರನೇ ಎರಡು ಪಾಲಷ್ಟು ಉಕ್ಕು ಮತ್ತು ಬೀಡು. ಉಳಿದದ್ದು ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗಾಜು, ರಬ್ಬರ್, ಸೀಟಿನ ಫೋಮ್, ವೈರು. ಅಂದಾಜಿಗೆ ನೂರಕ್ಕೆ 65 ಹಿಡಿಯುವುದು ಕೈಬಿಡದ ಲೆಕ್ಕ. ಕುಮಟಾ ತಾಲ್ಲೂಕಿನ ಮೂರೂರಿನ ಕಡೆ 785 ಕಿಲೋದ ಒಂದು ಓಮ್ನಿ ನಿಂತಿದೆ ಎಂದುಕೊಳ್ಳಿ. ಅದರಲ್ಲಿ ಕಬ್ಬಿಣ ಸುಮಾರು 510 ಕಿಲೋ. ಲೆಕ್ಕ ಸುಲಭವಾಗಲೆಂದು ಕಿಲೋಗೆ 25 ರೂಪಾಯಿ ಇಟ್ಟುಕೊಳ್ಳೋಣ: 12,750 ರೂಪಾಯಿ. ಇಡೀ ಗಾಡಿಯನ್ನು ತೂಕಕ್ಕೆ ಹಾಕಿದರೆ 19,625. ನಡುವಿನ ಸುಮಾರು ಏಳು ಸಾವಿರವೇ ಚೌಕಾಸಿಯ ಜಾಗ. ಗುಜರಿಯವರು ಕೆಳಗಿನ ಅಂಕಿಯಿಂದ ಮಾತು ಶುರು ಮಾಡುತ್ತಾರೆ, ಮಾಲೀಕ ಮೇಲಿನದರಿಂದ ಶುರು ಮಾಡಬೇಕು. ಕಬ್ಬಿಣದ ದರ ವಾರ ವಾರಕ್ಕೂ ಏರಿಳಿಯುವುದರಿಂದ 25ರ ಬದಲು ಆ ದಿನದ ದರ ಹಾಕಿಕೊಳ್ಳಿ. ದರ ತಿಳಿಯಲು ಎರಡು ಬೇರೆ ಬೇರೆ ಊರಿನ ಗುಜರಿ ಅಂಗಡಿಗೆ ಫೋನ್ ಮಾಡಿ, ಕಾರಿನ ಸುದ್ದಿಯನ್ನೇ ಎತ್ತದೆ, "ಹಳೇ ಕಬ್ಬಿಣ ಕಿಲೋಗೆ ಎಷ್ಟು ತಗೊಳ್ತೀರಿ, ತಗಡಿಗೆ ಎಷ್ಟು" ಎಂದಷ್ಟೇ ಕೇಳಿ.

ತಗಡಿಗೆ ಬೇರೆ ಕೇಳಲು ಕಾರಣವಿದೆ. ಗುಜರಿಯಲ್ಲಿ ದಪ್ಪ ಕಬ್ಬಿಣಕ್ಕೊಂದು ದರ, ತೆಳು ತಗಡಿಗೊಂದು ದರ. ಕಾರಿನ ಬಾಡಿ ತಗಡು ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪ, ಅಷ್ಟೇ. ಕುಲುಮೆಗೆ ಹಾಕಿದಾಗ ದಪ್ಪ ಕಬ್ಬಿಣದಿಂದ ಬರುವಷ್ಟು ಉಕ್ಕು ತುಕ್ಕು ತಿಂದ ತಗಡಿನಿಂದ ಬರುವುದಿಲ್ಲ. ಆದ್ದರಿಂದಲೇ ಘಟ್ಟದ ಬುಡದ ಹಳ್ಳಿಗಳಲ್ಲಿ ಈಗಲೂ ಓಡುವ ಮಹೀಂದ್ರ ಜೀಪು, ಟ್ರ್ಯಾಕ್ಸ್, ಸುಮೊಗಳಿಗೆ ಕಿಲೋ ಲೆಕ್ಕದಲ್ಲೂ ಹೆಚ್ಚು ಕೇಳಬಹುದು. ಅವುಗಳ ಅಡಿಯಲ್ಲಿ ಏಣಿಯಾಕಾರದ ದಪ್ಪ ಚಾಸಿ ಇರುತ್ತದೆ. ಮಾರುತಿ 800, ಓಮ್ನಿಗಳಿಗೆ ಅಂಥ ಬೇರೆ ಚಾಸಿಯೇ ಇಲ್ಲ, ಮಡಚಿ ಬೆಸೆದ ತಗಡೇ ಅವುಗಳ ಬೆನ್ನೆಲುಬು.

ಕರಾವಳಿಯ ಕಾರು ಘಟ್ಟದ ಮೇಲಿನ ಕಾರಿಗಿಂತ ಬೇರೆಯಾಗುವುದು ಇಲ್ಲಿಯೇ. ಗಾಳಿಯಲ್ಲಿರುವ ಉಪ್ಪಿನ ಕಣ ತಗಡಿನ ಮೇಲೆ ಕೂತು ತೇವವನ್ನು ಹಿಡಿದಿಡುತ್ತದೆ, ತುಕ್ಕಿನ ವೇಗ ಹೆಚ್ಚಿಸುತ್ತದೆ. ಮೇಲಿಂದ ನಾಲ್ಕು ತಿಂಗಳ ಮಳೆ. ಮೀನು ಸಾಗಿಸಿದ ಓಮ್ನಿಯಾದರೆ ಕೇಳುವುದೇ ಬೇಡ, ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ನೆಲದ ತಗಡನ್ನು ಒಳಗಿಂದಲೇ ತಿಂದಿರುತ್ತದೆ. ನಿಂತ ಕಾರಿಗೆ ಇನ್ನೊಂದು ಕಾಯಿಲೆ: ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಹಲಸಿನ ಎಲೆ, ಮಾವಿನ ಹೂವು ಅಲ್ಲಿ ಕೊಳೆತು ತೂತು ಕಟ್ಟಿಕೊಂಡರೆ ನೀರು ಡ್ರೈವರನ ಕಾಲಬುಡಕ್ಕೆ ಇಳಿಯುತ್ತದೆ. ಮ್ಯಾಟ್ ಅಡಿ ಅದು ಒಣಗುವುದೇ ಇಲ್ಲ.

ಸ್ಕ್ರೂಡ್ರೈವರ್ ಬೇಕಾಗುವುದು ಈಗ. ಮ್ಯಾಟ್ ಎತ್ತಿ ಕಾಲಬುಡದ ತಗಡನ್ನು, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡನ್ನು, ಚಕ್ರದ ಮೇಲಿನ ಕಮಾನನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ದಪ್ ಎನ್ನುತ್ತದೆ. ತುದಿ ಊರಿದರೆ ಒಳಗೆ ಹೋಗುವ ಜಾಗವೂ ಸಿಗಬಹುದು. ಹೊರಗಿನಿಂದ ಬಣ್ಣ ಚೆನ್ನಾಗಿದ್ದರೆ ಅಯಸ್ಕಾಂತ ಹಿಡಿಯಿರಿ: ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ, ಜಾರಿ ಬೀಳುತ್ತದೆ. ಶಾಕ್ ಅಬ್ಸಾರ್ಬರ್ ಕೂತ ಜಾಗವೇ ತುಕ್ಕಾಗಿದ್ದರೆ ಆ ಕಾರನ್ನು ಮತ್ತೆ ರಸ್ತೆಗೆ ತರುವ ಆಸೆ ಬಿಡಬಹುದು, ತೂಕದ ಲೆಕ್ಕಕ್ಕೇ ಬರಬೇಕು. ಅಲ್ಲೆಲ್ಲ ಗಟ್ಟಿಯಿದ್ದು, ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುವ ಕಾರನ್ನು ತೂಕಕ್ಕೆ ಹಾಕುವುದು ದಡ್ಡತನ. ಓಡುವ ಕಾರಿನ ಕನಿಷ್ಠ ಬೆಲೆಯೂ ಗುಜರಿಯ ಗರಿಷ್ಠ ಬೆಲೆಗಿಂತ ಮೇಲೆಯೇ ಇರುತ್ತದೆ.

ತೂಕಕ್ಕೆ ಸೇರದ ಬೆಲೆ

ಕಬ್ಬಿಣ ಕಣ್ಣಿಗೆ ಕಾಣುವ ಸರಕು. ಗುಜರಿಯವರ ಲಾಭ ಹೆಚ್ಚಾಗಿ ಕಾಣದ ಕಡೆ ಇರುತ್ತದೆ.

ಡೈನಮೊ, ಸೆಲ್ಫ್ ಮೋಟರ್ ಮತ್ತು ವೈರಿಂಗ್ ಒಳಗೆ ತಾಮ್ರ. ಸಿಲಿಂಡರ್ ಹೆಡ್, ಗೇರ್‌ಬಾಕ್ಸಿನ ಕವಚ, ಎಸಿಯ ಕಂಡೆನ್ಸರ್‌ನಲ್ಲಿ ಅಲ್ಯೂಮಿನಿಯಂ. ತೀರಾ ಹಳೇ ಗಾಡಿಯಾದರೆ ರೇಡಿಯೇಟರ್ ತಾಮ್ರ-ಹಿತ್ತಾಳೆಯದು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಸಣ್ಣ ಕಾರಿನ ಬ್ಯಾಟರಿ ಒಂಬತ್ತು-ಹತ್ತು ಕಿಲೋ ತೂಗುತ್ತದೆ. ಇವೆಲ್ಲಕ್ಕೂ ಕಬ್ಬಿಣದ ಹಲವು ಪಟ್ಟು ದರ. ಬ್ಯಾಟರಿಯನ್ನಂತೂ ಕಾರಿನ ಜೊತೆ ಕೊಡಬೇಡಿ. ಹೊಸ ಬ್ಯಾಟರಿ ಮಾರುವ ಅಂಗಡಿಯವರೇ ಹಳೆಯದಕ್ಕೆ ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಹಾಕಿಸಿದ ಟೈರು, ಮ್ಯೂಸಿಕ್ ಸಿಸ್ಟಂ, ಸ್ಟೆಪ್ನಿಗೂ ಇದೇ ಮಾತು. ಅದರಾಚೆಗೆ ತಾಮ್ರಕ್ಕಾಗಿ ವೈರು ಕಿತ್ತು, ಎಂಜಿನ್ ಇಳಿಸಿ, ಭಾಗ ಭಾಗವಾಗಿ ಮಾರುವ ಹುಮ್ಮಸ್ಸು ಬೇಡ. ಒಳಗೆಲ್ಲ ಖಾಲಿ ಮಾಡಿದ ಬಾಡಿಯನ್ನು ನೋಡಿದ ಕೂಡಲೇ ಗುಜರಿಯವರು ದರ ಇಳಿಸುತ್ತಾರೆ, ಅವರ ದೃಷ್ಟಿಯಲ್ಲಿ ಅದು ನ್ಯಾಯವೂ ಹೌದು. ಅಂಗಳದಲ್ಲಿ ಎಂಜಿನ್ ಆಯಿಲ್, ಬ್ಯಾಟರಿ ಆಸಿಡ್ ಚೆಲ್ಲಿದರೆ ಜಂಬಿಟ್ಟಿಗೆಯ ನೆಲ ಅದನ್ನು ಹೀರಿಕೊಂಡು ಬಾವಿಗೆ ಮುಟ್ಟಿಸಲೂಬಹುದು.

ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗ ಕ್ಯಾಟಲಿಟಿಕ್ ಕನ್ವರ್ಟರ್. ದೇಶದ ನಾಲ್ಕು ಮಹಾನಗರಗಳಲ್ಲಿ 1995ರಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಬಂತು. 2000ದ ನಂತರ ಹೊಗೆಯ ನಿಯಮ ಬಿಗಿಯಾದ ಹಾಗೆ ಎಲ್ಲ ಕಡೆಯ ಕಾರುಗಳಿಗೂ ಬಂತು. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಉಬ್ಬಿದ ಉಕ್ಕಿನ ಡಬ್ಬಿ. ಒಳಗೆ ಸಣ್ಣ ಸಣ್ಣ ಕಂಡಿಗಳ ಪಿಂಗಾಣಿ ಗಟ್ಟಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಲೋಹ ಗ್ರಾಮ್ ಲೆಕ್ಕದಲ್ಲಿದ್ದರೂ ಕಿಲೋಗೆ 25 ರೂಪಾಯಿಯ ಕಬ್ಬಿಣವೆಂದು ಅದನ್ನು ತೂಗಿಸಿಬಿಡುವುದು ನಷ್ಟ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ "ಪಿಕಪ್ ಬರ್ತಾ ಇಲ್ಲ" ಎಂದು ಸೈಲೆನ್ಸರ್ ಬದಲಾಯಿಸಿದ್ದರೆ ಅದು ಆಗಲೇ ಹೋಗಿರುತ್ತದೆ. ಇದೆಯೋ ಇಲ್ಲವೋ ಎಂದು ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ, ಇದ್ದರೆ ಬೆಲೆ ಮಾತಾಡುವಾಗ ಅದರ ಹೆಸರು ಎತ್ತಿ. ಹೆಸರು ಎತ್ತಿದರೇ ಸಾಕು, ಮಾತಿನ ಧಾಟಿ ಬದಲಾಗುತ್ತದೆ.

ಮಾದರಿಗೂ ಬೆಲೆಯಿದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800, 2019ರಲ್ಲಿ ನಿಂತ ಓಮ್ನಿ ಇನ್ನೂ ಬೇಕಾದಷ್ಟು ಓಡುತ್ತಿರುವುದರಿಂದ ಅವುಗಳ ಗೇರ್‌ಬಾಕ್ಸ್, ಬಾಗಿಲು, ಗಾಜಿಗೆ ಗಿರಾಕಿ ಇದ್ದಾರೆ. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಯಂಥ ಮಾರುಕಟ್ಟೆಗಳು ಬದುಕಿರುವುದೇ ಇಂಥ ಬಿಡಿಭಾಗಗಳ ಮೇಲೆ. ಯಾರೂ ಕೇಳದ, ಕಂಪನಿಯೇ ಮುಚ್ಚಿಹೋದ ವಿದೇಶಿ ಮಾದರಿ ನಿಮ್ಮಲ್ಲಿದ್ದರೆ ತೂಕವೊಂದೇ ಗತಿ. ಅಂಬಾಸಿಡರ್ ಮಾತ್ರ ತೂಕಕ್ಕೆ ಹಾಕುವ ಮುನ್ನ ನಾಲ್ಕು ಕಡೆ ವಿಚಾರಿಸಿ, ಅದಕ್ಕೆ ಹಳೇ ಗಾಡಿಯ ಹುಚ್ಚಿರುವವರು ಸಿಗುತ್ತಾರೆ.

ಇಷ್ಟು ಕೂಡಿದ ಮೇಲೆ ಕಳೆಯುವುದೂ ಇದೆ, ಅದರಲ್ಲಿ ದೊಡ್ಡದು ಸಾಗಣೆ. ಟೈರು ನೆಲಕ್ಕೆ ಕಚ್ಚಿದ, ಬ್ರೇಕು ಹಿಡಿದು ಚಕ್ರವೇ ತಿರುಗದ ಕಾರನ್ನು ಹಿತ್ತಲಿನಿಂದ ರಸ್ತೆಗೆ ತರಲು ಕ್ರೇನ್ ಬೇಕು. ಹೊನ್ನಾವರ ಪೇಟೆಯ ಅಂಗಡಿಯವರು ಎತ್ತಿಕೊಂಡು ಹೋಗುವುದು ಒಂದು ಲೆಕ್ಕ, ಮಂಗಳೂರಿಗೋ ಹುಬ್ಬಳ್ಳಿಗೋ ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ಹೊರುವುದು ಇನ್ನೊಂದು. ಮಾತು ಮುಗಿಸುವಾಗ "ಈ ರೇಟು ಮನೆ ಬಾಗಿಲಲ್ಲೋ, ನಿಮ್ಮ ಅಂಗಡಿಯಲ್ಲೋ" ಎಂಬ ಒಂದು ಪ್ರಶ್ನೆ ಮರೆಯಬೇಡಿ. ಚಕ್ರ ತಿರುಗುವಂತೆ ಗಾಳಿ ತುಂಬಿಸಿಟ್ಟರೆ ಅಷ್ಟು ಉಳಿತಾಯ.

ತೂಗಿಯೇ ಕೊಡುವುದಾದರೆ ಲಾರಿ ತೂಗುವ ಕಾಟಾದಲ್ಲಿ, ನಿಮ್ಮೆದುರೇ ತೂಗಿಸಿ ಚೀಟಿ ಪಡೆಯಿರಿ. ಕಾಟಾಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಆ ವರ್ಷದ ಮುದ್ರೆ ಇದೆಯೇ ನೋಡಿ. ಆರ್‌ಸಿಯ ಅಂಕಿಗೂ ಚೀಟಿಯ ಅಂಕಿಗೂ ನೂರು ಕಿಲೋ ವ್ಯತ್ಯಾಸ ಬಂದರೆ, ತುಕ್ಕು ಅಷ್ಟು ತಿಂದಿರುವುದಿಲ್ಲ, ಬೇರೆ ಏನೋ ಇದೆ.

ಹದಿನೈದು ವರ್ಷದ ಭಯ

"ಹದಿನೈದು ವರ್ಷ ಆಯ್ತಲ್ಲ, ಇನ್ನು ಓಡಿಸೋ ಹಾಗಿಲ್ಲ" ಎಂಬ ಮಾತನ್ನು ಬೆಲೆ ಇಳಿಸುವ ಅಸ್ತ್ರವಾಗಿ ಬಳಸುವವರಿದ್ದಾರೆ. ಆ ನಿಷೇಧ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೂ ಗಾಡಿ ಗಟ್ಟಿಯಿದ್ದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಖರ್ಚು ಮಾತ್ರ ಏರಿದೆ: 2022ರ ಏಪ್ರಿಲ್ 1ರಿಂದ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಜಿಗಿಯಿತು, 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ, ವಿಮೆ, ಟಿಂಕರಿಂಗ್ ಬೇರೆ. ಇವನ್ನೆಲ್ಲ ಕೂಡಿಸಿ, ಗುಜರಿಯ ಬೆಲೆಯ ಎದುರಿಗೆ ಇಟ್ಟು ನೋಡಿದರೆ ಉಳಿಸಬೇಕೋ ಕಳಿಸಬೇಕೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಳಿಸುವುದೆಂದಾದರೆ ಬೆಲೆಗಿಂತ ದೊಡ್ಡ ವಿಷಯ ಕಾಗದ. ಕಾರು ಕೊಟ್ಟು ದುಡ್ಡು ಎಣಿಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಕಳಚುವುದಿಲ್ಲ. ಕೆಎ-47ರ ಹೊನ್ನಾವರದಲ್ಲೋ ಕೆಎ-30ರ ಕಾರವಾರದಲ್ಲೋ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಇದನ್ನೇ ಹೇಳಿತು: ಗಾಡಿ ಎಷ್ಟು ಕೈ ಬದಲಾಯಿಸಿದರೂ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ. ಗುಜರಿಗೆ ಹೋದ ಕಾರು ಗುಜರಿಯಾಗಿಯೇ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಸ್ವಲ್ಪ ರಿಪೇರಿಯಾಗಿ ಬೇರೆಲ್ಲೋ ಓಡಬಹುದು, ಅದರ ಚಾಸಿ ನಂಬರ್ ಕಳವಿನ ಗಾಡಿಗೆ ಕೂರಬಹುದು. ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ಗಾಡಿ ನಾಶವಾದರೆ ಅಥವಾ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಎರಡು ಸಾವಿರ ಹೆಚ್ಚು ಕೊಡುತ್ತೇನೆ, ಕಾಗದ ಕೇಳಬೇಡಿ ಎನ್ನುವವರಿಗೆ ಕಾರು ಕೊಡಬಾರದು.

2021ರ ಸೆಪ್ಟೆಂಬರ್ 23ರಂದು ಹೊರಬಂದ ಕೇಂದ್ರದ ನಿಯಮಗಳು ಈ ಕೆಲಸಕ್ಕೆಂದೇ ನೋಂದಾಯಿತ ಗುಜರಿ ಕೇಂದ್ರಗಳನ್ನು ಹುಟ್ಟುಹಾಕಿದವು. ಪರಿವಾಹನ್ ಪೋರ್ಟಲಿನಲ್ಲಿ ರಾಜ್ಯದ ಕೇಂದ್ರಗಳ ಪಟ್ಟಿ ಇದೆ, ಅರ್ಜಿಯನ್ನೂ ಅಲ್ಲಿಂದಲೇ ಹಾಕಬಹುದು. ಕೇಂದ್ರದವರು ಸಾಲ ಬಾಕಿ, ಕಳವಿನ ದಾಖಲೆ, ಇತರ ಬಾಕಿಗಳನ್ನು ಪರಿಶೀಲಿಸಿ, ಕಾರು ವಹಿಸಿಕೊಂಡ ಬಗ್ಗೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಕಳಚಿದ ಮೇಲೆ ಇನ್ನೊಂದು ಪ್ರಮಾಣಪತ್ರ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಸರ ನಿಯಮಗಳು ಇನ್ನೂ ಮುಂದೆ ಹೋಗಿ, ಬಾಳಿಕೆ ಮುಗಿದ ವಾಹನವನ್ನು 180 ದಿನದೊಳಗೆ ಇಂಥ ಕೇಂದ್ರಕ್ಕೆ ಅಥವಾ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿವೆ.

ಹೊಸ ಕಾರು ಕೊಳ್ಳುವ ಯೋಚನೆ ಇರುವವರಿಗೆ ಆ ಠೇವಣಿ ಪತ್ರವೇ ಹಳೇ ಕಾರಿನ ಅತಿ ಬೆಲೆಬಾಳುವ ಭಾಗವಾಗಬಹುದು. ಅದಿದ್ದರೆ ಹೊಸ ನೋಂದಣಿ ಶುಲ್ಕವಿಲ್ಲ. ರಸ್ತೆ ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಗರಿಷ್ಠ 25 ಶೇಕಡಾವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಆರು ಲಕ್ಷದ ಕಾರಿಗೆ ಕರ್ನಾಟಕದ 14 ಶೇಕಡಾ ಆಜೀವ ತೆರಿಗೆ ಎಂದರೆ 84,000 ರೂಪಾಯಿ. ಅದರ ಕಾಲು ಭಾಗ 21,000, ಓಮ್ನಿಯ ಕಬ್ಬಿಣಕ್ಕಿಂತ ಹೆಚ್ಚು. ಇದು ಮೇಲ್ಮಿತಿಯ ಲೆಕ್ಕ. ಕೈಗೆ ಸಿಗುವುದೆಷ್ಟೆಂದು ಹಳೇ ಕಾರು ಕೊಡುವ ಮೊದಲೇ ಷೋರೂಮಿನವರಿಂದ ಬರೆಸಿಕೊಳ್ಳಿ. ಕಂಪನಿಗಳೂ ಆಗಾಗ ರಿಯಾಯಿತಿ ಘೋಷಿಸುತ್ತವೆ. 2024ರ ಆಗಸ್ಟ್‌ನಲ್ಲಿ ಹಲವು ಕಾರು ಕಂಪನಿಗಳು ಬೆಲೆಯ ಒಂದೂವರೆ ಶೇಕಡಾ ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು, ಒಂದು ವರ್ಷದ ಮಟ್ಟಿಗೆ ಬಿಡಲು ಒಪ್ಪಿದ್ದವು. ನೋಂದಾಯಿತ ಗುಜರಿ ಕೇಂದ್ರದವರು ಕಾರಿಗೆ ಕೊಡುವ ಬೆಲೆ ಊರ ಗುಜರಿಗಿಂತ ಸ್ವಲ್ಪ ಕಡಿಮೆಯಿದ್ದರೂ ಹೊಸ ಕಾರು ಕೊಳ್ಳುವವರಿಗೆ ಒಟ್ಟು ಲೆಕ್ಕ ಲಾಭದ್ದೇ. ಕೊಳ್ಳದವರಿಗೆ ಸಿಗುವುದು ನೆಮ್ಮದಿ ಮಾತ್ರ, ಅದರ ಬೆಲೆ ಅವರವರೇ ಕಟ್ಟಿಕೊಳ್ಳಬೇಕು.

ಭಟ್ಕಳದ ಮನೆಗಳಲ್ಲಿ ಹೆಚ್ಚಾಗಿ ಬರುವ ತೊಡಕು ಬೇರೆಯದು: ಕಾರು ಇಲ್ಲಿ, ಆರ್‌ಸಿಯಲ್ಲಿ ಹೆಸರಿರುವವರು ಕೊಲ್ಲಿ ದೇಶದಲ್ಲಿ. ಅವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಿದರೆ ಕೆಲಸ ಸಲೀಸು. ಅಪ್ಪನ ಹೆಸರಿನ ಕಾರು, ಅಪ್ಪ ತೀರಿಕೊಂಡು ವರ್ಷಗಳೇ ಆಗಿವೆ ಎಂದಾದರೆ ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿ. ಬ್ಯಾಂಕ್ ಸಾಲ ತೀರಿಸಿಯೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ನಮೂನೆ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಇವನ್ನು ಬೆಲೆ ಮಾತಾಡುವ ಮೊದಲು ಮುಗಿಸಿಟ್ಟರೆ ಒಳ್ಳೆಯದು. ಕಾಗದ ಸರಿಯಿಲ್ಲದ ಗಾಡಿಯೆಂದು ಗೊತ್ತಾದ ಕ್ಷಣ ಬೆಲೆ ಅರ್ಧಕ್ಕಿಳಿಯುತ್ತದೆ.

ನೆರೆಗೆ ಸಿಕ್ಕ ಕಾರು

2022ರ ಆಗಸ್ಟ್ ಆರಂಭದ ಆ ಮಳೆಯಲ್ಲಿ ಭಟ್ಕಳ ಪೇಟೆಗೇ ನೀರು ನುಗ್ಗಿದ್ದನ್ನು ಕಂಡವರಿಗೆ ಈ ಭಾಗ ವಿವರಿಸಬೇಕಿಲ್ಲ. ಮುಳುಗಿದ ಅಥವಾ ಅಪಘಾತಕ್ಕೆ ಸಿಕ್ಕ ಕಾರಿನ ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ 75 ಶೇಕಡಾ ಮೀರಿದರೆ ಅದು 'ಟೋಟಲ್ ಲಾಸ್'. ಗುಜರಿ ಬೆಲೆ ಗೊತ್ತಿದ್ದರೆ ದುಡ್ಡು ಉಳಿಯುವುದು ಇಲ್ಲಿ. ಘೋಷಿತ ಮೌಲ್ಯ ಎರಡು ಲಕ್ಷ ಎನ್ನೋಣ. ಸರ್ವೇಯರ್ ಅವಶೇಷಕ್ಕೆ 60,000 ಬೆಲೆ ಕಟ್ಟಿ, "ಕಾರು ನೀವೇ ಇಟ್ಟುಕೊಳ್ಳಿ, 1,40,000 ಕೊಡುತ್ತೇವೆ" ಎಂದರೆ ಒಪ್ಪುವ ಮುನ್ನ ಮೇಲಿನ ಲೆಕ್ಕ ಹಾಕಿ ನೋಡಿ. ಕೈಗೆ ಬರುವುದು 35,000 ಮಾತ್ರ ಎನಿಸಿದರೆ ಉಳಿದ 25,000 ನಿಮ್ಮ ನಷ್ಟ. ಅವಶೇಷವನ್ನು ಕಂಪನಿಯೇ ತೆಗೆದುಕೊಂಡು ಪೂರ್ತಿ ಮೊತ್ತ ಕೊಡಲಿ ಎಂದು ಲಿಖಿತವಾಗಿ ಕೇಳಿ. 15 ವರ್ಷ ತುಂಬದ ಕಾರಿನ ನೋಂದಣಿ ರದ್ದಾದಾಗ ಆಜೀವ ತೆರಿಗೆಯಲ್ಲಿ ಒಂದು ಪಾಲು ವಾಪಸು ಪಡೆಯಲು ಅರ್ಜಿ ಹಾಕುವ ದಾರಿಯೂ ಕರ್ನಾಟಕದ ತೆರಿಗೆ ಕಾಯ್ದೆಯಲ್ಲಿದೆ, ಅದನ್ನು ಕೇಳುವವರೇ ಕಡಿಮೆ.

ಕಾರು ಹೋದ ದಿನ ನಂಬರ್ ಪ್ಲೇಟ್ ಸಮೇತ ಒಂದು ಫೋಟೊ, ಒಯ್ದವರ ಗುರುತಿನ ಪತ್ರದ ನಕಲು, ತಾರೀಖು ಮತ್ತು ಹೊತ್ತು ಬರೆದ ರಶೀದಿ ಇಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಸೀಟಿನ ಅಡಿ, ಡಿಕ್ಕಿಯ ಮ್ಯಾಟಿನ ಕೆಳಗೆ ಒಮ್ಮೆ ಕೈಯಾಡಿಸಿ, ಹಳೇ ವಿಮೆ ಪತ್ರಗಳು ಅಲ್ಲೇ ಸಿಕ್ಕಿಕೊಂಡಿರುತ್ತವೆ. ಕೆಲವು ವಾರ ಬಿಟ್ಟು ಪರಿವಾಹನ್‌ನಲ್ಲಿ ಆರ್‌ಸಿಯ ಸ್ಥಿತಿ ಬದಲಾಗಿದೆಯೇ ನೋಡಿ. ವಿಮೆ ಇನ್ನೂ ಚಾಲ್ತಿಯಲ್ಲಿದ್ದರೆ ರದ್ದು ಮಾಡಿಸಿ, ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಬ್ಯಾಂಕಿನಲ್ಲಿ ಮುಚ್ಚಿಸಿ. ಅದರ ಠೇವಣಿ ಹಣವೂ ವಾಪಸು ಬರುತ್ತದೆ.